ಮೇಲಿನ ಮನೆಗೆ ಹೋದ ಒಗ್ಗರಣೆ ಘಾಟು

ನಾವು ಬಾಡಿಗೆಗಿದ್ದ ಫ್ಲ್ಯಾಟನ್ನು ಮಾರುತ್ತೇನೆ, ಮೊದಲು ನಿಮಗೇ ತಿಳಿಸುತ್ತಿದ್ದೇನೆ ಎಂದು ಮಾಲೀಕ ಫೋನ್ ಮಾಡಿದ್ದು ಮೊದಲ ಲಾಕ್‌ಡೌನ್ ಸ್ವಲ್ಪ ಸಡಿಲವಾದ ಬೇಸಿಗೆಯಲ್ಲಿ. ಐರ್ಲೆಂಡಿನ ಸ್ವೋರ್ಡ್ಸ್‌ನಲ್ಲಿ, ಡಬ್ಲಿನ್‌ಗೆ ಹೋಗುವ ಬಸ್ಸು ನಿಲ್ಲುವ ಜಾಗದ ಹಿಂದೆ ಇರುವ ಹಳೆಯ ಕಟ್ಟಡ ಅದು. ಹಳೆಯದು ಅಂದರೆ ನಮ್ಮೂರಿನ ಲೆಕ್ಕದಲ್ಲಿ ಹಳೆಯದೇನಲ್ಲ. ಈ ದೇಶದಲ್ಲಿ ಎಲ್ಲರ ಕೈಯಲ್ಲೂ ದುಡ್ಡು ಓಡಾಡುತ್ತಿದ್ದಾಗ, ಖಾಲಿ ಜಾಗ ಕಂಡಲ್ಲೆಲ್ಲ ಅವಸರದಲ್ಲಿ ಎಬ್ಬಿಸಿದ ಕಾಲದ್ದು. ಕಾರಿಡಾರಿನಲ್ಲಿ ಕಾರ್ಪೆಟ್ ಸವೆದಿತ್ತು, ಲಿಫ್ಟ್ ಆಗಾಗ ಮುನಿಸಿಕೊಳ್ಳುತ್ತಿತ್ತು. ಆದರೂ ಮಗಳ ಶಾಲೆ ರಸ್ತೆಯ ಆಚೆ ಬದಿಯಲ್ಲೇ. ಆ ಮನೆ ಕೈಬಿಟ್ಟರೆ ಸ್ವೋರ್ಡ್ಸ್‌ನಲ್ಲಿ ಬೇರೆ ಬಾಡಿಗೆ ಮನೆ ಸಿಗುವ ಮಾತೇ ಇರಲಿಲ್ಲ. ಕೊಳ್ಳಬೇಕು, ಇಲ್ಲವೇ ಊರು ಬಿಡಬೇಕು.

"ತಗೊಂಡ್ಬಿಡೋಣ ಕಣೇ," ಅಂದರು ನಮ್ಮ ಮನೆಯವರು. ಅವರ ಆಫೀಸು ಡಬ್ಲಿನ್ ನಗರದ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ. ಆಗ ಆ ಆಫೀಸು ನಮ್ಮ ಮಲಗುವ ಕೋಣೆಯ ಇಸ್ತ್ರಿ ಮೇಜಿನ ಮೇಲೆ ನಡೆಯುತ್ತಿತ್ತು.

"ತಗೊಳ್ಳೋಣ. ಆದ್ರೆ ಅವನು ಹೇಳಿದ ಬೆಲೆಗಲ್ಲ," ಅಂದೆ.

ನನ್ನ ಕೆಲಸವೇ ಖರೀದಿ. ವಿಮಾನಗಳಿಗೆ ಊಟ ಕಳಿಸುವ ಅಡುಗೆಮನೆಯೊಂದಕ್ಕೆ ತರಕಾರಿ, ಬೆಣ್ಣೆ, ಡಬ್ಬಿ ಕೊಳ್ಳುವವಳು. ವಿಮಾನಗಳು ನಿಂತವು, ನನ್ನ ಸಂಬಳದ ಹೆಚ್ಚು ಪಾಲನ್ನು ಸರ್ಕಾರ ಕೊಡತೊಡಗಿತು. ಅಂಥ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಬ್ಯಾಂಕು ಕಡ್ಡಿ ಮುರಿದಂತೆ ಹೇಳಿತು. ಸಾಲ ಮನೆಯವರ ಹೆಸರಿನಲ್ಲಿ, ಚೌಕಾಸಿ ನನ್ನದು ಎಂದಾಯಿತು.

ಇಲ್ಲಿ ಒಂದು ಮಾತು. ಬಾಡಿಗೆಗಿರುವ ಮನೆಯನ್ನೇ ಕೊಳ್ಳುವವರಿಗೆ ಒಂದು ಬಲವಿದೆ. ಆ ಮನೆಯ ಕಾಯಿಲೆಗಳೆಲ್ಲ ನಿಮಗೆ ಗೊತ್ತು, ಏಜೆಂಟಿಗೆ ಗೊತ್ತಿಲ್ಲ. ಒಂದೇ ಸಲ ಎಲ್ಲ ಹೇಳಬೇಡಿ. ನಾನು ಮೊದಲ ಫೋನಿನಲ್ಲಿ ಸ್ನಾನದ ಮನೆಯ ತೇವ ಹೇಳಿದೆ. ಒಂದು ವಾರ ಸುಮ್ಮನಿದ್ದು ಕಿಟಕಿಯ ಸಂದಿಯಲ್ಲಿ ನುಗ್ಗುವ ಗಾಳಿ ಹೇಳಿದೆ. ಏಜೆಂಟ್ ಪಾಪ ಮನೆ ತೋರಿಸಲು ಜನರನ್ನು ಕರೆತರುವಂತಿರಲಿಲ್ಲ, ನಿಯಮ ಬಿಗಿಯಾಗಿತ್ತು. ವೀಡಿಯೊದಲ್ಲಿ ನೋಡಿ ಕೊಳ್ಳುವ ಧೈರ್ಯ ಆಗ ಎಲ್ಲರಿಗೂ ಇರಲಿಲ್ಲ. ಲಿಫ್ಟಿನ ವಿಷಯ ಎತ್ತುವ ಹೊತ್ತಿಗೆ ಅವನೇ, "ಮೇಡಂ, ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ," ಅಂದ. ಬೆಲೆ ಕುದುರಿತು. ಮುಂಗಡ ಕೊಟ್ಟೆವು. ಇಲ್ಲಿ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕುವ ತನಕ ಆ ಮುಂಗಡ ವಾಪಸ್ಸು ಪಡೆಯಬಹುದು, ಯಾರು ಬೇಕಾದರೂ ಹಿಂದೆ ಸರಿಯಬಹುದು. ಈ ಅಂಶವನ್ನು ಚೆನ್ನಾಗಿ ನೆನಪಿಡಿ.

ಮನೆ ಪರೀಕ್ಷಿಸುವ ಸರ್ವೇಯರ್ ಬಂದ ದಿನ ನಾವು ಮೂವರೂ ಹೊರಗಿರಬೇಕೆಂದು ನಿಯಮ. ಎಲ್ಲ ಬಾಗಿಲು, ಕಿಟಕಿ ತೆರೆದಿಟ್ಟು, ಜಡಿಮಳೆಯಲ್ಲಿ ಕಾರಿನೊಳಗೆ ಕುಳಿತೆವು. ಅವನು ಮಾಸ್ಕು ಹಾಕಿಕೊಂಡು ಬಂದು, ತೇವ ಅಳೆದು, ನಲ್ಲಿ ತಿರುಗಿಸಿ, ಫೋಟೊ ತೆಗೆದು ಹೋದ. ಗೋಡೆಯ ಒಳಗೆ, ಚಾವಣಿಯ ಮೇಲೆ ಏನಿದೆಯೋ ಬಿಚ್ಚಿ ನೋಡಿಲ್ಲ, ಅದು ತನ್ನ ಕೆಲಸವಲ್ಲ ಎಂದು ವರದಿಯಲ್ಲೇ ಬರೆದಿದ್ದ. ಬಿಚ್ಚಿ ನೋಡದ್ದಕ್ಕೂ ಫೀಸು ಪೂರ್ತಿ. ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟಲು ಬಂದವನು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಸಿ ಕಟ್ಟಡವನ್ನು ನೋಡಿ ಹೋದ.

ಶರತ್ಕಾಲಕ್ಕೆ ಮತ್ತೆ ಲಾಕ್‌ಡೌನ್. ನಮ್ಮ ಸೊಲಿಸಿಟರ್, ಅಂದರೆ ಕಾಗದಪತ್ರ ನೋಡುವ ವಕೀಲೆ, ಒಪ್ಪಂದದ ಕಾಗದ ಕಳಿಸಿದಳು, ಸಹಿ ಹಾಕಿ ಕಳಿಸಿ ಅಂದಳು. ಅದು ಅಡುಗೆಮನೆಯ ಮೇಜಿನ ಮೇಲೆ ಇತ್ತು.

ಇನ್ನು ಮೇಲಿನ ಮನೆಯ ಅಜ್ಜನ ವಿಷಯ ಹೇಳಬೇಕು. ಬಸ್ ಓಡಿಸಿ ನಿವೃತ್ತರಾದ ಐರಿಶ್ ಮುದುಕರು, ಒಂಟಿ. ವಯಸ್ಸಾದವರು ಮನೆ ಬಿಟ್ಟು ಬರಬೇಡಿ ಎಂದಿದ್ದರಿಂದ ಬಾಲ್ಕನಿಯೇ ಅವರ ಬೀದಿಯಾಗಿತ್ತು. ಹಾಲು, ಬ್ರೆಡ್ಡು, ಲಾಟರಿ ಟಿಕೇಟು ನಾನೇ ತಂದು ಅವರ ಬಾಗಿಲ ಮುಂದೆ ಇಡುತ್ತಿದ್ದೆ. ಆದರೆ ಅದಕ್ಕೂ ಹಿಂದೆ ಅವರು ನಮ್ಮ ಮೇಲೆ ಮಾಲೀಕನಿಗೆ ದೂರು ಹೇಳಿದ್ದರು: ಕೆಳಗಿನ ಮನೆಯ ಅಡುಗೆಯ ಘಾಟು ತಡೆಯಲಾಗುವುದಿಲ್ಲ ಎಂದು.

ನಮ್ಮ ಜನ ಇಲ್ಲಿ ಅಡುಗೆಯ ವಾಸನೆ ಅಂದ ಕೂಡಲೇ ಒಂದೋ ಕುಗ್ಗಿಹೋಗುತ್ತೇವೆ, ಇಲ್ಲ ಸಿಡುಕುತ್ತೇವೆ. ನಮ್ಮ ಮನೆಯಲ್ಲಿ ಎರಡೂ ಆದವು. "ಅವರು ಹಂದಿ ಹುರಿದ್ರೆ ನಾವೇನಾದ್ರೂ ಅಂತೀವಾ?" ಎಂದು ಮನೆಯವರು ಸಿಡುಕಿದರು. ನಾನು ಕುಗ್ಗಿ, ಒಗ್ಗರಣೆ ಹಾಕುವಾಗ ಮುಂಬಾಗಿಲಿನ ಕೆಳಗೆ ಟವೆಲ್ ತುರುಕಿದೆ, ಒಲೆಯ ಮೇಲಿನ ಫ್ಯಾನಿನ ಕೊನೆಯ ಗುಂಡಿ ಒತ್ತಿದೆ. ಪರಿಚಯದವರನ್ನು ಕೇಳಿದರೆ ಎಲ್ಲರ ಮನೆಯಲ್ಲೂ ಇದೇ ಉಪಾಯ. ಸಿಮೆಂಟಿನ ಚಾವಣಿ ದಾಟಿ ಘಾಟು ಮೇಲೆ ಹೋಗುವುದು ಹೇಗೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ನಾಚಿಕೆಯಾದಾಗ ಲೆಕ್ಕ ಓಡುವುದಿಲ್ಲ.

ಒಂದು ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಅಜ್ಜ ಮೇಲಿಂದ ಬಾಗಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಇವತ್ತು ನಿನ್ನ ಮೆಣಸಿನಕಾಯಿ ವಾಸನೆ ಬರ್ತಾನೇ ಇಲ್ಲ. ನಂಗೆ ಆ ರೋಗ ಬಂತೋ ಏನೋ. ಮೊದ್ಲು ಮೂಗು ಹೋಗುತ್ತಂತಲ್ಲ?"

"ನಿಮ್ಮ ಮೂಗು ಗ್ರ್ಯಾಂಡಾಗಿದೆ. ಇವತ್ತು ನಮ್ಮನೇಲಿ ಬರೀ ಮೊಸರನ್ನ."

ಅವರು ನಕ್ಕರು, ನಗು ಕೆಮ್ಮಾಯಿತು. "ದೂರು ಹೇಳ್ತಿಲ್ಲಮ್ಮ. ನೀನು ತಂದಿಟ್ಟಿದ್ದನ್ನ ತಿಂದ್ಕೊಂಡು ದೂರು ಹೇಳೋಕಾಗುತ್ತಾ? ಆದ್ರೆ ನೀನು ಹುರಿದ ದಿನ ನನ್ನ ಟವೆಲ್‌ಗಳಲ್ಲಿ ಮುಖ ಒರೆಸೋ ಹಾಗಿಲ್ಲ. ಕಣ್ಣುರಿ."

"ಟವೆಲ್ಲಾ? ಕಿಟಕಿ ಹತ್ರ ಒಣಗಿಸ್ತೀರಾ?"

"ಇಲ್ಲಪ್ಪ. ಹಾಟ್ ಪ್ರೆಸ್‌ನಲ್ಲಿ ಇಡ್ತೀನಿ. ಎಲ್ಲರೂ ಇಡೋ ಹಾಗೆ."

ಹಾಟ್ ಪ್ರೆಸ್ ಅಂದರೆ ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕು ಇರುವ ಬೀರು. ಬೆಚ್ಚಗಿರುತ್ತದೆಂದು ಬಟ್ಟೆಯನ್ನೂ ಅಲ್ಲೇ ಇಡುತ್ತಾರೆ. ನಮ್ಮ ಮನೆಯಲ್ಲೂ ಒಂದು, ಒಳಗಿನ ಹಜಾರದ ನಡುವೆ, ಅಜ್ಜನದರ ಸರಿಯಾಗಿ ಕೆಳಗೆ. ಕಿಟಕಿಯಿಂದ ಹೋದ ಘಾಟು ಬಾಲ್ಕನಿಗೆ ಹೋಗಬೇಕು, ಪರದೆಗೆ ಹತ್ತಬೇಕು. ಮುಚ್ಚಿದ ಬೀರಿನೊಳಗಿನ ಟವೆಲ್‌ಗೆ ಹತ್ತಿತೆಂದರೆ ಅದು ಗೋಡೆಯೊಳಗಿಂದಲೇ ಹೋಗಿರಬೇಕು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬುಟ್ಟಿಗೆ ಹಾಕಿ ಒಳಗೆ ಬಂದೆ.

ಹೀಗೆ ಮಾಡಿದೆ. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಮಗಳನ್ನೂ ಮನೆಯವರನ್ನೂ ಕೆಳಗೆ ಕಳಿಸಿದೆ. ಅಜ್ಜನಿಗೆ ಫೋನ್ ಮಾಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅವರ ಹಾಟ್ ಪ್ರೆಸ್ ಹತ್ತಿರ ನಿಲ್ಲಲು ಹೇಳಿದೆ. ಬಾಣಲೆಗೆ ಎಣ್ಣೆ ಹಾಕದೆ ಒಂದು ಹಿಡಿ ಗುಂಟೂರು ಮೆಣಸಿನಕಾಯಿ ಹಾಕಿ, ಒಲೆಯ ಮೇಲಿನ ಫ್ಯಾನನ್ನು ಜೋರಾಗಿ ಹಾಕಿದೆ. ನಮ್ಮ ಅಡುಗೆಮನೆಯಲ್ಲಿ ಘಾಟು ಏಳುವಷ್ಟರಲ್ಲೇ ಫೋನಿನಲ್ಲಿ ಅಜ್ಜ ಕೆಮ್ಮತೊಡಗಿದರು. "ಸಾಕಮ್ಮ, ಸಾಕು. ಕೊಲ್ಬೇಡ."

ಫ್ಯಾನು ಹೊಗೆಯನ್ನು ಹೊರಗೆ ತಳ್ಳುತ್ತಲೇ ಇರಲಿಲ್ಲ. ಸಿಮೆಂಟಿನ ಚಾವಣಿಗೂ ಅದರ ಕೆಳಗೆ ಹೊಡೆದ ಜಿಪ್ಸಮ್ ಹಲಗೆಗೂ ನಡುವೆ ಅದರ ಕೊಳವೆ ಎಲ್ಲೋ ಕಳಚಿಕೊಂಡಿತ್ತು. ನಾವು ಮರ್ಯಾದೆಗೆಂದು ಫ್ಯಾನು ಜೋರು ಮಾಡಿದಷ್ಟೂ ಘಾಟನ್ನು ಅವರ ಬೀರಿಗೇ ತಳ್ಳುತ್ತಿದ್ದೆವು.

ಹಾಟ್ ಪ್ರೆಸ್‌ನ ಒಳಗೆ, ಟ್ಯಾಂಕಿನ ಮೇಲ್ಭಾಗದಲ್ಲಿ ಒಂದು ತೆಳು ಹಲಗೆ ಇತ್ತು. ಸ್ಕ್ರೂ ಬಿಚ್ಚಿ ತೆಗೆದೆ. ಪೈಪುಗಳು ಮೇಲಕ್ಕೆ ಹೋಗುವ ಕಡೆ ಸಿಮೆಂಟು ಇರಲಿಲ್ಲ, ತೂತಿತ್ತು. ನನ್ನ ತಲೆ ತೂರುವಷ್ಟು ದೊಡ್ಡದು. "ನಿಮ್ಮ ಬೀರಿನ ಲೈಟು ಹಾಕಿ," ಎಂದು ಫೋನಿನಲ್ಲಿ ಹೇಳಿದೆ. ತಲೆಯ ಮೇಲೆ ಹಳದಿ ಬೆಳಕು ಬಿತ್ತು. ಪೈಪುಗಳ ನಡುವೆ ಅಜ್ಜನ ಟವೆಲ್ಲಿನ ಅಂಚು ಕಾಣಿಸಿತು.

"ಕಾಣ್ತಿದ್ಯಾ?" ಅಂದರು. ಅವರ ದನಿ ಫೋನಿನಿಂದಲೂ ಬಂತು, ತೂತಿನಿಂದಲೂ ಬಂತು.

"ಕಾಣ್ತಿದೆ," ಅಂದೆ.

ಮರುದಿನವೇ ಬೆಂಕಿ ಸುರಕ್ಷತೆ ನೋಡುವ ಎಂಜಿನಿಯರ್ ಒಬ್ಬಳನ್ನು ಹುಡುಕಿದೆ. ಹಳೆಯ ಫ್ಲ್ಯಾಟು ಕೊಳ್ಳುವವರಿಗೆ ನನ್ನ ಸಲಹೆ: ಸರ್ವೇಯರ್ ಸಾಲದು, ಇಂಥವರನ್ನೂ ಕರೆಸಿ. ಬಿಚ್ಚಿ ನೋಡಲು ಮಾಲೀಕನ ಒಪ್ಪಿಗೆ ಬೇಕು. ಫ್ಯಾನು ಕೆಟ್ಟಿದೆ, ರಿಪೇರಿಯವರು ಬರುತ್ತಾರೆ ಅಂದೆ. ಫ್ಯಾನು ಕೆಟ್ಟಿದ್ದಂತೂ ನಿಜ. ಅವಳು ಬಂದು ಹಜಾರದ ಚಾವಣಿಯ ಒಂದು ದೀಪ ಕಳಚಿ, ಉದ್ದ ವೈರಿನ ತುದಿಯ ಪುಟ್ಟ ಕ್ಯಾಮೆರಾವನ್ನು ಒಳಗೆ ಬಿಟ್ಟು, ಫೋನಿನಲ್ಲಿ ನೋಡುತ್ತ ನಿಂತಳು.

"ಪೈಪ್ ಸುತ್ತ ಬೆಂಕಿ ತಡೆಯೋ ಸಾಮಾನು ತುಂಬಬೇಕಿತ್ತು. ಎಲ್ಲೂ ತುಂಬಿಲ್ಲ. ಪಕ್ಕದ ಮನೆ ಗೋಡೇನೂ ಚಾವಣಿ ತನಕ ಕಟ್ಟಿಲ್ಲ, ಜಿಪ್ಸಮ್ ಹಲಗೆ ಮಟ್ಟಕ್ಕೆ ನಿಲ್ಲಿಸಿದ್ದಾರೆ," ಅಂದಳು.

"ನಮ್ಮ ತೂತು ನಾನೇ ಮುಚ್ಚಿಸಿದ್ರೆ?"

"ನಿಮ್ಮ ತಲೆ ಮೇಲಿಂದು ಮುಚ್ಚಿಸ್ಬಹುದು. ಬೆಂಕಿ ಕೆಳಗಿನ ಮನೇಲಿ ಹತ್ತಿದ್ರೆ?" ಆಮೇಲೆ ಮುಂಬಾಗಿಲ ಕಡೆ ನೋಡಿದಳು. "ನಿಮಗೆ ಹೊರಗೆ ಹೋಗೋ ದಾರಿ ಇದೊಂದೇ. ಹೊಗೆ ಬರೋ ಬೀರು ಆ ದಾರಿ ಮಧ್ಯದಲ್ಲಿದೆ. ಮಲಗೋ ಕೋಣೆಗಳು ಅದರ ಹಿಂದೆ."

ಇಡೀ ಕಟ್ಟಡವನ್ನು ಸರಿಮಾಡಬೇಕೆಂದರೆ ಎಲ್ಲ ಮನೆಗಳ ಮಾಲೀಕರೂ ಸೇರಿ ಖರ್ಚು ಹಾಕಬೇಕು. ಕಟ್ಟಡ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯ ನಿಧಿಯಲ್ಲಿ ಲಿಫ್ಟಿಗೇ ಹಣ ಸಾಲುತ್ತಿರಲಿಲ್ಲ. ಕಟ್ಟಿದವನ ಕಂಪನಿ ಎಂದೋ ಮುಚ್ಚಿಹೋಗಿತ್ತು.

ನಾನು ಏಜೆಂಟಿಗೆ ಫೋನ್ ಮಾಡಿದೆ. ಯಾವ ತೂತು, ಎಲ್ಲಿ ಎಂದು ಅವನು ಕೇಳಲೇ ಇಲ್ಲ. ಅವನಿಗೆ ಇದು ಹೊಸ ಸುದ್ದಿಯಲ್ಲ ಎಂಬುದು ಅದರಲ್ಲೇ ಗೊತ್ತಾಯಿತು. ಸಂಜೆ ಅವನೇ ಮತ್ತೆ ಮಾಡಿದ. ಈ ವಿಷಯವನ್ನು ಸೊಲಿಸಿಟರ್ ಮೂಲಕ ಬರವಣಿಗೆಯಲ್ಲಿ ಕೇಳದಿದ್ದರೆ, ಇದೇ ವಾರ ಸಹಿ ಮಾಡಿದರೆ, ಮಾಲೀಕ ಬೆಲೆ ಇಳಿಸುತ್ತಾನಂತೆ. ಬರವಣಿಗೆಗೆ ಬಂದರೆ ಬ್ಯಾಂಕಿಗೂ ತಿಳಿಯುತ್ತದೆ, ಸಾಲ ನಿಲ್ಲುತ್ತದೆ. ಎಷ್ಟು ಎಂದು ಹೇಳಿದ. ನಾನು ಜೀವಮಾನದಲ್ಲಿ ಮಾಡಿದ ಯಾವ ಚೌಕಾಸಿಯಲ್ಲೂ ಅಷ್ಟು ಇಳಿಸಿರಲಿಲ್ಲ.

"ಗೆದ್ದೆಯಲ್ಲೇ," ಅಂದರು ಮನೆಯವರು. "ಬ್ಯಾಂಕಿನೋನು ಕಾರಿಂದ ಇಳಿದೂ ಇಲ್ಲ. ಯಾರಿಗೆ ಗೊತ್ತಾಗುತ್ತೆ?"

"ನಮಗೆ ಗೊತ್ತಲ್ಲ."

"ಇಷ್ಟು ವರ್ಷ ಇದೇ ಮನೇಲಿ ಮಲಗಿಲ್ವಾ? ಏನಾಯ್ತು? ಇಳಿಸಿದ ದುಡ್ಡಲ್ಲೇ ನಾಳೆ ರಿಪೇರಿ ಪಾಲೂ ಕೊಡ್ಬಹುದು. ನಿನ್ನ ಲೆಕ್ಕದಲ್ಲೇ ಹೇಳು, ನಷ್ಟ ಎಲ್ಲಿದೆ?"

ನಷ್ಟ ಇರಲಿಲ್ಲ. ಅದೇ ನನ್ನನ್ನು ಎರಡು ದಿನ ಹಿಡಿದಿಟ್ಟದ್ದು. ಕಾಗದದ ಮೇಲೆ ಅದು ಒಳ್ಳೆಯ ವ್ಯಾಪಾರವೇ. ಪೆನ್ನು ತೆಗೆದುಕೊಂಡು ಮೇಜಿಗೆ ಕೂತದ್ದೂ ಉಂಟು.

ಶನಿವಾರ ಬೆಳಿಗ್ಗೆ ಮಗಳನ್ನು ಕರೆದೆ. ಅವಳಿಗೆ ಆಗ ಏಳು. ಒಂದು ಆಟ ಆಡೋಣ, ಕಣ್ಣು ಮುಚ್ಚಿಕೊಂಡು ನಿನ್ನ ಹಾಸಿಗೆಯಿಂದ ಮುಂಬಾಗಿಲಿಗೆ ಬಾ ಅಂದೆ. ಅವಳು ಕಣ್ಣಿಗೆ ದುಪಟ್ಟಾ ಕಟ್ಟಿಸಿಕೊಂಡು, ಕೈ ಚಾಚಿ, ಗೋಡೆ ಸವರುತ್ತ ಬಂದಳು. ಹಜಾರದ ನಡುವೆ ನಿಂತು, ಹಾಟ್ ಪ್ರೆಸ್ ಬಾಗಿಲಿಗೆ ಅಂಗೈ ಒತ್ತಿ, ಅಲ್ಲಿಂದ ಸರಿಯಾಗಿ ತಿರುಗಿ ಮುಂಬಾಗಿಲಿಗೆ ಬಂದಳು.

"ಅಲ್ಲಿ ಯಾಕೆ ನಿಂತೆ ಪುಟ್ಟಿ?"

ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. ಆ ಬಾಗಿಲು ಬೆಚ್ಚಗಿರುತ್ತದೆ ಅಮ್ಮ, ಅದರಿಂದಲೇ ನನಗೆ ದಾರಿ ಗೊತ್ತಾಗುತ್ತದೆ, ಕರೆಂಟು ಹೋದಾಗಲೂ ಹಾಗೇ ಬರುತ್ತೇನೆ ಅಂದಳು.

ಮನೆಯವರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವರೂ ಕೇಳಿಸಿಕೊಂಡರು. ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತರು, ಮತ್ತೆ ಆ ಮಾತು ಎತ್ತಲಿಲ್ಲ.

ಸೋಮವಾರ ಹಿಂದೆ ಸರಿದೆವು. ಎಂಜಿನಿಯರ್ ಕೊಟ್ಟ ವರದಿಯನ್ನು ಮ್ಯಾನೇಜ್‌ಮೆಂಟ್ ಕಂಪನಿಗೆ ಕಳಿಸಿದೆ. ವಾರ್ಷಿಕ ಸಭೆಯಲ್ಲಿ ಚರ್ಚಿಸುತ್ತೇವೆ ಎಂದು ಉತ್ತರ ಬಂತು. ಸಭೆ ಲಾಕ್‌ಡೌನ್ ಕಾರಣ ಮುಂದೆ ಹೋಗಿತ್ತು.

ಅಜ್ಜನಿಗೆ ಬಾಲ್ಕನಿಯಿಂದಲೇ ಹೇಳಿದೆ. ಅವರು ನನ್ನನ್ನು ಹೊಗಳುತ್ತಾರೆ ಎಂದುಕೊಂಡಿರಲಿಲ್ಲ, ಆದರೂ ಅಷ್ಟು ಕೋಪ ನಿರೀಕ್ಷಿಸಿರಲಿಲ್ಲ.

"ಕಂಪನಿಗೆ ಹೇಳ್ದ್ಯಾ? ಬರವಣಿಗೇಲಿ?"

"ಹೇಳ್ದೆ. ನಿಮಗೂ ಒಳ್ಳೇದಲ್ವಾ?"

"ಕಿಲ್ಕೆನ್ನಿ ಊರಲ್ಲಿ ಮಗಳ ಪಕ್ಕದಲ್ಲಿ ಒಂದು ಚಿಕ್ಕ ಮನೆ ನೋಡಿಟ್ಟಿದ್ದೆ. ಇದನ್ನ ಮಾರಿ ಹೋಗೋಣ ಅಂತ. ಇನ್ನು ಯಾರು ತಗೋತಾರೆ? ನೀನು ಹೋಗ್ತೀಯ. ನಿನಗೇನು, ಬಾಡಿಗೆಯೋಳು. ನಾನು ಈ ಚಿಮಣಿ ಮೇಲೆ ಕೂತಿರ್ಬೇಕು."

ಅವರು ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಆಮೇಲೆ ನಾನು ಇಟ್ಟ ಹಾಲು ಬಾಗಿಲ ಮುಂದೆಯೇ ಹುಳಿಯಾಗಿರುತ್ತಿತ್ತು. ಸಾಮಾನನ್ನು ಬೇರೆಯವರಿಂದ ತರಿಸಿಕೊಳ್ಳತೊಡಗಿದರು.

ನಾವು ಊರು ಬಿಟ್ಟೆವು. ಬಸ್ಸಿಲ್ಲದ ಒಂದು ಹಳ್ಳಿಯ ಅಂಚಿನಲ್ಲಿ, ಮುಂಚಿಗಿಂತ ಹೆಚ್ಚು ಬಾಡಿಗೆಗೆ ಒಂದು ಮನೆ ಸಿಕ್ಕಿತು. ಮಗಳು ಸ್ನೇಹಿತೆಯರನ್ನು ಪರದೆಯ ಮೇಲೆ ನೋಡಿ ಅತ್ತಳು. ಗೆದ್ದೆ ಎಂದು ಈ ಕಥೆಯನ್ನು ಹೇಳಿಕೊಳ್ಳುವ ಹಾಗಿಲ್ಲ.

ವಸಂತದಲ್ಲಿ ಒಬ್ಬ ಹುಡುಗ ಫೋನ್ ಮಾಡಿದ. ಮೈಸೂರಿನವನು, ಸಾಫ್ಟ್‌ವೇರ್, ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು, ಕೈಗೂಸು. ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ನಂಬರ್ ಸಿಕ್ಕಿತಂತೆ.

"ಅಕ್ಕ, ನೀವಿದ್ದ ಫ್ಲ್ಯಾಟು ಮತ್ತೆ ಮಾರಾಟಕ್ಕಿದೆ. ಒಳ್ಳೆ ರೇಟು. ಹೇಗಿದೆ ಮನೆ?"

"ತಗೋಬೇಡಪ್ಪ," ಎಂದು ತೂತು, ಗೋಡೆ, ಬೀರು ಎಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ.

"ಅಕ್ಕ, ತಪ್ಪು ತಿಳ್ಕೋಬೇಡಿ. ಬೆಲೆ ಇಳ್ಸೋಕೆ ನೀವು ಹೀಗೆ ಹೇಳಿದ್ರಿ ಅಂತ ಏಜೆಂಟು ಮೊದ್ಲೇ ಅಂದ. ನೀವು ಚೌಕಾಸಿಗೆ ಫೇಮಸ್ಸಂತಲ್ಲ? ಗುಂಪಲ್ಲೂ ಎಲ್ಲ ಅಂತಾರೆ." ನಕ್ಕ. "ನೀವೇ ಮತ್ತೆ ಟ್ರೈ ಮಾಡ್ತಿದ್ದೀರಾ ಏನು?"

ವರದಿ ಕಳಿಸಿದೆ. ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅವರ ಸರ್ವೇಯರ್ ಕೂಡ ಏನೂ ಬಿಚ್ಚಿ ನೋಡಲಿಲ್ಲ. ಸಭೆ ಇನ್ನೂ ಆಗಿರಲಿಲ್ಲ, ಹಾಗಾಗಿ ಕಂಪನಿಯ ದಾಖಲೆಯಲ್ಲೂ ಏನೂ ಇರಲಿಲ್ಲ. ಅವರು ಕೊಂಡರು.

ಗೃಹಪ್ರವೇಶವನ್ನು ವೀಡಿಯೊದಲ್ಲಿ ಮಾಡಿದರು. ನಾನು ನೋಡಲಿಲ್ಲ. ಉಡುಗೊರೆಯೆಂದು ಹೊಗೆ ಬಂದರೆ ಕೂಗುವ ಅಲಾರಾಂ ಮೂರು ಕಳಿಸಿದೆ, ಎಲ್ಲೆಲ್ಲಿ ಹಾಕಬೇಕೆಂದು ಹೇಳಿದೆ. ಮನೆಯವರು, "ಅಪಶಕುನ ಅಂದ್ಕೋತಾರೆ ಕಣೇ," ಅಂದರು. ಅಂದುಕೊಳ್ಳಲಿ ಎಂದೆ.

ಕೆಲವು ವಾರ ಬಿಟ್ಟು ಆ ಹುಡುಗನ ಹೆಂಡತಿಗೆ ಫೋನ್ ಮಾಡಿ ವಿಚಾರಿಸಿದೆ.

"ತುಂಬಾ ಥ್ಯಾಂಕ್ಸ್ ಅಕ್ಕ, ಚೆನ್ನಾಗಿವೆ. ಆದ್ರೆ ದೋಸೆ ಹುಯ್ದಾಗೆಲ್ಲ ಹಜಾರದ್ದು ಕೂಗುತ್ತೆ. ಮಗು ಬೆಚ್ಚುತ್ತೆ ಅಂತ ಇವರು ಬ್ಯಾಟರಿ ತೆಗ್ದಿಟ್ಟಿದ್ದಾರೆ."

"ಈಗ ಮನೇಲಿದ್ದಾನಾ?"

"ಇದ್ದಾರೆ."

"ಈಗ್ಲೇ ಹಾಕ್ಸು. ನಾನು ಫೋನಲ್ಲೇ ಇರ್ತೀನಿ."

"ಅಕ್ಕ, ಆಮೇಲೆ ಹಾಕ್ತೀವಿ, ಮಗು ಈಗ್ತಾನೆ ಮಲ್ಗಿದೆ."

"ನಾನು ಇಡಲ್ಲ ಕಣಮ್ಮ ಫೋನು."

ಅವಳು ಅವನಿಗೆ ಹೇಳುವುದು ಕೇಳಿಸಿತು. "ಈ ಅಕ್ಕಂದೊಂದು ಕಾಟ," ಎಂದು ಅವನು ಗೊಣಗಿದ್ದೂ ಕೇಳಿಸಿತು. ಕುರ್ಚಿ ಎಳೆದ ಸದ್ದು. ಯಾವುದೋ ಡ್ರಾಯರ್ ತೆಗೆದು ತಡಕಾಡಿದರು. ನಾನು ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದೆ.

"ಹಾಕಿದ್ರು ಅಕ್ಕ."

"ಗುಂಡಿ ಒತ್ತೋಕೆ ಹೇಳು. ನಂಗೆ ಕೇಳಿಸ್ಬೇಕು."

ಕೂಗಿತು. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಗುವಷ್ಟು ಜೋರಾಗಿ ಕೂಗಿತು. ಅದು ನಿಂತ ಮೇಲೆ ಹಜಾರದ ಆ ತುದಿಯ ಕೋಣೆಯಿಂದ ಅಳು ಕೇಳಿಸಿತು.

"ನೋಡಿ ಅಕ್ಕ, ಮಗು ಎದ್ಬಿಡ್ತು," ಅಂದಳು.

"ಏಳ್ಲಿ," ಅಂದೆ.